ಕಸಕ್ಕೆ ಹಾಕಿದ ಕೋರ್ಟಿನ ಕಾಗದ

ನನ್ನ ಡೈವೋರ್ಸಿನ ಕಾಗದವನ್ನು ನಾನೇ ಹರಿದು ಕಸಕ್ಕೆ ಹಾಕಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಮುಂದಿನದನ್ನು ಓದುವವರು ತಪ್ಪೆಲ್ಲ ಬೇರೆಯವರದೇ ಅಂದುಕೊಂಡಾರು. ಗೌರಿ ಹಬ್ಬಕ್ಕೆ ಎರಡು ದಿನ ಇತ್ತು. ಮೈಸೂರಿನಿಂದ ಅಮ್ಮನ ಪತ್ರ ಬಂದಿತ್ತು. "ಅಂಥ ಕಾಗದ ಗೌರಿ ಕೂರಿಸೋ ಮನೇಲಿ ಇಟ್ಕೋಬೇಡ ಕಣೆ" ಎಂದು ಬರೆದಿದ್ದಳು. ಆಗ ನಾನು ಅಮೆರಿಕದ ಮಿಷಿಗನ್ನಿನ ಆನ್ ಆರ್ಬರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಬೇಕಾದ ಕೆಲಸ ಅದು. ಆದರೂ ಅಮ್ಮನ ಮಾತು ಓದಿ ಮನಸ್ಸಿಗೆ ಒಂಥರಾ ಆಯಿತು. ಕಾಗದ ತೆಗೆದು ನಾಲ್ಕು ಚೂರು ಮಾಡಿ ತರಕಾರಿ ಸಿಪ್ಪೆಯ ಜೊತೆ ಸೇರಿಸಿದೆ. ಆಮೇಲೆ ಅರಿಶಿನದ ಗೌರಿ ಮಾಡಿ ಕೂರಿಸಿದೆ. ಗಂಡನನ್ನು ಬಿಟ್ಟವಳು ಗೌರಿ ಕೂರಿಸಬಹುದೇ ಎಂದು ಪಕ್ಕದೂರು ಪ್ಲಿಮತ್‌ನ ಆಂಟಿಯೊಬ್ಬರು ಫೋನಿನಲ್ಲಿ ಕೇಳಿದರು. ಕೂರಿಸಬಹುದು ಎಂದೆ. ಕಾಗದ ಎಸೆದ ವಿಷಯವನ್ನೂ ಏನೋ ಪುಣ್ಯ ಮಾಡಿದವಳ ಹಾಗೆ ಅವರಿಗೆ ಹೇಳಿದೆ.

ಅರವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಷಿಕಾಗೋ ಪಕ್ಕಕ್ಕೆ ಬಂದವಳು ನಾನು. ಗಂಡ ಎಂಜಿನಿಯರ್. ಆರು ವರ್ಷದ ಸಂಸಾರ, ಒಬ್ಬಳು ಮಗಳು. ಕೊನೆಗೆ ಅವನೇ ಕೋರ್ಟಿಗೆ ಹೋದ. ಮಗಳು ನನ್ನ ಜೊತೆ ಉಳಿದಳು, ನನಗೆ ಅಷ್ಟು ಸಾಕಿತ್ತು. ಅವಳನ್ನು ಕರೆದುಕೊಂಡು ಮಿಷಿಗನ್ನಿಗೆ ಬಂದೆ. ಎದುರಿಗೆ ಮಾತಾಡುವಾಗ ಅವನಿಗೆ ಕೊನೆಯವರೆಗೂ 'ನೀವು' ಎಂದೇ ಹೇಳಿದೆ, ಆ ಅಭ್ಯಾಸ ಹೋಗಲಿಲ್ಲ. ಇಲ್ಲಿ ಮಾತ್ರ 'ಅವನು' ಎಂದೇ ಬರೆಯುತ್ತೇನೆ. ಬರೆಯುತ್ತಿರುವವಳು ನಾನು.

ಮಗಳಿಗೆ ಎಂಟು ವರ್ಷ ತುಂಬಿದ ಬೇಸಿಗೆಯಲ್ಲಿ ಅವನ ಪತ್ರ ಬಂತು. ಜುಲೈನಲ್ಲಿ ಎರಡು ವಾರ ಮಗು ಅಪ್ಪನ ಬಳಿ ಇರಬೇಕೆಂದು ಕೋರ್ಟೇ ಹೇಳಿದೆಯಂತೆ. ಅದು ನಿಜವೇ. ಈ ಸಲ ಮಗುವನ್ನು ಮೈಸೂರಿಗೆ ಕರೆದುಕೊಂಡು ಹೋಗಿ, ಅಜ್ಜಿಯ, ಅಂದರೆ ತನ್ನ ಅಮ್ಮನ ಬಳಿ ಬಿಟ್ಟು, ಅಲ್ಲೇ ಸ್ಕೂಲಿಗೆ ಸೇರಿಸುತ್ತಾನಂತೆ. ಇಲ್ಲಿದ್ದರೆ ಹುಡುಗಿ ಕನ್ನಡ ಮರೆತು ಹಾಳಾಗುತ್ತಾಳಂತೆ. ಟಿಕೆಟ್ ಕೂಡ ಆಗಿದೆಯಂತೆ. ಒಂದು ಪುಟದ ಪತ್ರ, ಮುದ್ದಾದ ಅಕ್ಷರ. ಮುಗಿಸಿ ಇನ್ನೊಂದು ಸಲ ಓದಿದೆ. ಆಮೇಲೆ ಸಿಟ್ಟು ಬಂತು.

ಯಾಕೆಂದರೆ ಜಡ್ಜ್ ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ತಾಯಿ ತಂದೆ ಇಬ್ಬರೂ ಬರೆದು ಒಪ್ಪಿಗೆ ಕೊಡದೆ ಮಗುವನ್ನು ಅಮೆರಿಕದಿಂದ ಆಚೆ ಕರೆದುಕೊಂಡು ಹೋಗುವಂತಿಲ್ಲ. ಆ ಮಾತು ತೀರ್ಪಿನ ಕಾಗದದಲ್ಲೂ ಇತ್ತು. ಕಾಗದ ನನ್ನ ಹತ್ತಿರ ಇಲ್ಲವೆಂದು ಅವನಿಗೆ ಗೊತ್ತಿತ್ತು. ಪ್ಲಿಮತ್ ಆಂಟಿಗೆ ಹೇಳಿದ ಸುದ್ದಿ ಇನ್ನೂರೈವತ್ತು ಮೈಲಿ ದಾಟಿ ಷಿಕಾಗೋ ಮುಟ್ಟಲು ಒಂದು ಸತ್ಯನಾರಾಯಣ ಪೂಜೆ ಸಾಕಾಗಿತ್ತು.

ಆನ್ ಆರ್ಬರಿನ ವಕೀಲರೊಬ್ಬರನ್ನು ನೋಡಿದೆ. "ನೀವು ಹೇಳುವುದು ನಿಜವಿರಬಹುದು. ಆದರೆ ಅದು ನೀವು ಹೇಳಿದ್ದು ಮಾತ್ರ. ಕೋರ್ಟಿನ ಮೊಹರು ಇರುವ ಪ್ರತಿ ತನ್ನಿ, ಅವತ್ತೇ ನೋಟಿಸ್ ಕಳಿಸುತ್ತೇನೆ" ಎಂದರು. ಹಿಂದೆ ನನ್ನ ಕೇಸು ನಡೆಸಿದ ಲಾಯರು ಆಫೀಸು ಮುಚ್ಚಿ ಫ್ಲಾರಿಡಾ ಸೇರಿದ್ದರು. ಕೇಸ್ ನಂಬರ್ ನೆನಪಿರಲಿಲ್ಲ. ಅಷ್ಟರಲ್ಲಿ ಆಂಟಿಯ ಯಜಮಾನರು, ಸುತ್ತಲಿನ ನಮ್ಮವರಿಗೆಲ್ಲ ಹಿರಿಯರು, ಸುದ್ದಿ ಹೇಗೋ ತಿಳಿದು ತಾವಾಗಿಯೇ ಫೋನ್ ಮಾಡಿದರು.

"ಯಾಕಮ್ಮಾ ಸುಮ್ಮನೆ ಕೆದಕ್ತೀಯಾ? ಕೇಸ್ ನಂಬರ್ ಬೇಕು ಅಂದ್ರೆ ಅವನಿಗೇ ಒಂದು ಫೋನ್ ಮಾಡಿ ಕೇಳ್ಬಿಡು. ಕೊಡಲ್ಲ ಅಂತಾನಾ?"

"ಅಂಕಲ್, ಯಾರಿಗೆ ನೋಟಿಸ್ ಕಳಿಸ್ಬೇಕೋ ಅವರನ್ನೇ ನಂಬರ್ ಕೇಳ್ಬೇಕಾ?"

"ಅಜ್ಜಿ ಹತ್ರ ಬೆಳೆದ್ರೆ ಏನು ತಪ್ಪು? ಸಂಸ್ಕಾರ ಬರತ್ತೆ."

ಅವರ ಇಬ್ಬರು ಗಂಡುಮಕ್ಕಳು ಆಗ ಹಿತ್ತಲಲ್ಲಿ ಬೇಸ್‌ಬಾಲ್ ಆಡುತ್ತಿದ್ದದ್ದು ಫೋನಿನಲ್ಲೇ ಕೇಳಿಸುತ್ತಿತ್ತು. ಅವರನ್ನು ಅಜ್ಜಿ ಹತ್ತಿರ ಯಾವಾಗ ಕಳಿಸುತ್ತೀರಿ ಎಂದು ಕೇಳಿದೆ. ನಾನೇ ಫೋನ್ ಇಟ್ಟೆ. ಆ ಮನೆಯಿಂದ ಮುಂದಿನ ವರ್ಷ ನನಗೆ ಅರಿಶಿನ ಕುಂಕುಮಕ್ಕೆ ಕರೆ ಬರಲಿಲ್ಲ.

ಲ್ಯಾಬಿಗೆ ರಜೆ ಹಾಕಿ, ಮಗಳನ್ನು ಪಕ್ಕದ ಅಪಾರ್ಟ್‌ಮೆಂಟಿನ ಗೆಳತಿಯ ಮನೆಯಲ್ಲಿ ಬಿಟ್ಟು, ಬೆಳಗ್ಗೆ ಐದಕ್ಕೆ ಷಿಕಾಗೋ ಕಡೆಗೆ ಹೊರಟೆ. ಅಷ್ಟು ದೂರ ಒಬ್ಬಳೇ ಎಂದೂ ಡ್ರೈವ್ ಮಾಡಿರಲಿಲ್ಲ. ಲಾರಿಗಳು ಪಕ್ಕದಲ್ಲಿ ಹಾದಾಗ ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು, ಬಾಯಿಗೆ ಬಂದ ಬೈಗುಳವನ್ನೆಲ್ಲ ಮೈಸೂರಿನ ಕನ್ನಡದಲ್ಲೇ ಬೈದೆ. ಕೋರ್ಟ್‌ಹೌಸ್ ಮುಟ್ಟಿದಾಗ ಹತ್ತು ಗಂಟೆ ಆಗಿತ್ತು, ಫ್ಯಾರನ್‌ಹೀಟಿನಲ್ಲಿ ತೊಂಬತ್ತು ಡಿಗ್ರಿ ಸೆಕೆ. ಮೂರು ವರ್ಷದ ಹಿಂದೆ ತೀರ್ಪಿನ ದಿನ ಮಹಡಿಯ ಮೇಲೆ ಬೆಂಚಿನಲ್ಲಿ ಕೂತು ಅತ್ತಿದ್ದೆ, ಅದೇ ಕಟ್ಟಡ. ಈ ಸಲ ಅಳಲು ಬಂದಿರಲಿಲ್ಲ. ರೆಕಾರ್ಡುಗಳ ಕೌಂಟರು ಕೆಳಗೆ ನೆಲಮಾಳಿಗೆಯಲ್ಲಿತ್ತು.

ಕೌಂಟರಿನಲ್ಲಿ ಕನ್ನಡಕದ ಹೆಂಗಸೊಬ್ಬಳು ಚೀಟಿ ಕೊಟ್ಟಳು. ಕೇಸ್ ಹಾಕಿದವರ ಹೆಸರು, ಎದುರು ಪಾರ್ಟಿಯ ಹೆಸರು, ವರ್ಷ. ಅವನ ಹೆಸರು ಬರೆದೆ. ಆಫೀಸಿನಲ್ಲಿ, ಟೆಲಿಫೋನ್ ಪುಸ್ತಕದಲ್ಲಿ, ಡ್ರೈವರ್ ಲೈಸೆನ್ಸಿನಲ್ಲಿ ಹೇಗಿತ್ತೋ ಹಾಗೆ. ಮುಂದೆ ಎರಡು ಇನಿಷಿಯಲ್, ಕೊನೆಗೆ ಅವನ ಸ್ವಂತ ಹೆಸರು. ಅವಳು ಒಳಗೆ ಹೋಗಿ ಬಂದು ಇಲ್ಲ ಎಂದಳು. ಅವನ ಅಪ್ಪನ ಹೆಸರು ಬರೆದೆ. ಇಲ್ಲ. ನನ್ನ ಹೆಸರು ಬರೆದೆ. ಅದೂ ಇಲ್ಲ.

ಬೇರೆ ಕೌಂಟಿಯಲ್ಲಿ, ಅಂದರೆ ಬೇರೆ ಜಿಲ್ಲೆಯ ಕೋರ್ಟಿನಲ್ಲಿ ನಡೆದಿರಬಹುದು ಎಂದಳು. ಇದೇ ಕಟ್ಟಡದ ಮಹಡಿಯಲ್ಲಿ ನಡೆಯಿತು ಎಂದೆ. ಹಾಗಾದರೆ ತೀರ್ಪು ದಾಖಲಾಗದೆ ಉಳಿದಿರಬಹುದು, ಬೇಕಿದ್ದರೆ 'ಇಂಥ ದಾಖಲೆ ಸಿಗಲಿಲ್ಲ' ಎಂದು ಪತ್ರ ಬರೆದುಕೊಡುತ್ತೇನೆ ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ನನ್ನ ಪಿತ್ತ ನೆತ್ತಿಗೇರಿತು. ಆ ಪತ್ರ ಹಿಡಿದುಕೊಂಡು ಮನೆಗೆ ಹೋದರೆ ಮಗಳು ಮೈಸೂರಿಗೆ ಹೋದ ಹಾಗೆಯೇ ಲೆಕ್ಕ.

"ಇಲ್ಲ ಅಂತ ಬರೆದುಕೊಟ್ಟರೆ ನಾನು ಈಗಲೂ ಅವನ ಹೆಂಡತಿ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. "ಆ ಪತ್ರ ನನಗೆ ಬೇಡ. ಆ ವರ್ಷದ ಡೈವೋರ್ಸ್ ಕೇಸುಗಳ ಪಟ್ಟಿಯ ಪುಸ್ತಕ ಕೊಡಿ, ನಾನೇ ನೋಡುತ್ತೇನೆ."

ಹಿಂದೆ ನಿಂತವರು ಗೊಣಗಿದರು. ನಾನು ಜಾಗ ಬಿಡಲಿಲ್ಲ. ಕನ್ನಡಕದವಳು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. ಸೀರೆಗೆ ಸೆಕೆಯಲ್ಲಿ ಬೆವರು ಹತ್ತಿತ್ತು. ಆಮೇಲೆ ಅದು ಸಾರ್ವಜನಿಕ ಪುಸ್ತಕ, ಯಾರು ಬೇಕಾದರೂ ನೋಡಬಹುದು ಎಂದು ಗೋಡೆಯ ಪಕ್ಕದ ಎತ್ತರದ ಮೇಜು ತೋರಿಸಿದಳು. ಎರಡು ಕೈಯಲ್ಲಿ ಎತ್ತಬೇಕಾದಂಥ ಪುಸ್ತಕ. ಕೂರಲು ಕುರ್ಚಿ ಇರಲಿಲ್ಲ.

ಮೊದಲ ಪುಟದಿಂದ ಶುರು ಮಾಡಿದೆ. ಲ್ಯಾಬಿನಲ್ಲಿ ಎಂಟು ಗಂಟೆ ಹೊತ್ತು ರಕ್ತಕಣ ಎಣಿಸಿ ಅಭ್ಯಾಸವಿದ್ದವಳಿಗೆ ಇದೇನು ದೊಡ್ಡದಲ್ಲ. ಸಾಲಿನ ಕೆಳಗೆ ಬೆರಳಿಟ್ಟು ಓದುತ್ತ ಹೋದೆ. ಎಷ್ಟು ಮನೆಗಳು ಮುರಿದಿದ್ದವು ಆ ಒಂದು ವರ್ಷದಲ್ಲಿ. ಜರ್ಮನ್ ಹೆಸರು, ಪೋಲಿಷ್ ಹೆಸರು, ಬಾಯಲ್ಲಿ ಹಿಡಿಯದಂಥ ಹೆಸರು. ನಮ್ಮವರಲ್ಲಿ ನಾನೊಬ್ಬಳೇ ನೀತಿಗೆಟ್ಟವಳು ಎಂಬಂತೆ ಮೂರು ವರ್ಷ ತಲೆ ತಗ್ಗಿಸಿದ್ದೆನಲ್ಲ, ಆ ಪುಟಗಳನ್ನು ಓದುತ್ತ ಬೆನ್ನು ನೆಟ್ಟಗಾಯಿತು. ಮಧ್ಯಾಹ್ನ ತಂದಿದ್ದ ಚಪಾತಿಯನ್ನು ನಿಂತೇ ತಿಂದೆ. ಕನ್ನಡಕದವಳು ತಿನ್ನಬಾರದೆಂದು ಬೋರ್ಡಿನ ಕಡೆ ಕೈ ತೋರಿಸಿದಳು. ಕೈ ಒರೆಸಿಕೊಂಡು ಪುಟ ತಿರುಗಿಸಿದೆ.

ಅರ್ಧ ಪುಸ್ತಕ ಆದಮೇಲೆ ಬೆರಳು ನಿಂತಿತು. ಅದು ಯಾವ ಮನುಷ್ಯನ ಹೆಸರೂ ಅಲ್ಲ. ಮಂಡ್ಯದ ಕಡೆಯ ಒಂದು ಹಳ್ಳಿಯ ಹೆಸರು. ನನ್ನ ಮಾವನವರ ಊರು. ಪಕ್ಕದಲ್ಲಿ ಮಾವನವರ ಹೆಸರು, ಆಮೇಲೆ ಅವನ ಹೆಸರು.

ಮೂರೂ ಹೆಸರನ್ನು ಮೆಲ್ಲಗೆ ಬಾಯಿಬಿಟ್ಟು ಓದಿದೆ. ಆಮೇಲೆ ನಗು ಬಂತು. ನಮ್ಮ ಕಡೆ ಪೂರ್ತಿ ಹೆಸರು ಹೇಳು ಎಂದರೆ ಊರಿನಿಂದ ಶುರು: ಊರು, ಅಪ್ಪ, ಕೊನೆಗೆ ತಾನು. ಕೇಸು ಹಾಕುವಾಗ ಯಾವುದೋ ಫಾರಂನಲ್ಲಿ ಕೊನೆಯ ಹೆಸರು ಮೊದಲು ಬರೆಯಿರಿ ಎಂದು ಇತ್ತೋ ಏನೋ, ಅವನು ಮಾತ್ರ ಮನೆಯಲ್ಲಿ ಕಲಿತ ಹಾಗೆಯೇ ಬರೆದಿದ್ದಾನೆ. ಇಲ್ಲಿಯವರು ಹಳ್ಳಿಯನ್ನೇ ಮನೆತನದ ಹೆಸರು ಅಂದುಕೊಂಡಿದ್ದಾರೆ. ನನ್ನನ್ನೂ ಅದೇ ಹಳ್ಳಿಯ ಕೆಳಗೆ ಹಾಕಿದ್ದಾರೆ. ನಾನು ಆ ಕಾಗದವನ್ನು ಹತ್ತು ಸಲ ನೋಡಿದ್ದೆ, ಒಮ್ಮೆಯೂ ಹೊಳೆಯಲಿಲ್ಲ. ಯಾಕೆಂದರೆ ನಮ್ಮ ಕಣ್ಣಿಗೆ ಅದು ಸರಿಯಾಗಿಯೇ ಇತ್ತು. ಅವನನ್ನು ಆಡಿಕೊಳ್ಳುವ ಹಾಗೂ ಇಲ್ಲ. ಆಸ್ಪತ್ರೆಗೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಬರೆದು, ಒಂದು ತಿಂಗಳು ಎಲ್ಲರಿಂದ ನನ್ನ ಅಜ್ಜನ ಊರಿನ ಹೆಸರಿನಲ್ಲಿ ಕರೆಸಿಕೊಂಡಿದ್ದೆ.

ನಂಬರ್ ಬರೆದು ಕೌಂಟರಿಗೆ ಕೊಟ್ಟೆ. ಕನ್ನಡಕದವಳು ಫೈಲು ತಂದು, ಪ್ರತಿ ತೆಗೆದು, ಕೆಳಗೆ ಉಬ್ಬು ಮೊಹರು ಒತ್ತಿದಳು. ಎರಡು ಪ್ರತಿ ಕೇಳಿದೆ. ಒಂದು ವಕೀಲರಿಗೆ, ಒಂದು ನನಗೆ. ಅಲ್ಲೇ ನಿಂತು ಓದಿದೆ. ಜಡ್ಜ್ ಹೇಳಿದ ಮಾತು ಮೂರನೆಯ ಪುಟದಲ್ಲಿತ್ತು.

ಸೀದಾ ಆನ್ ಆರ್ಬರಿಗೆ ಹೊರಡಬಹುದಿತ್ತು. ಆದರೆ ಅವನ ಮನೆ ಇಟಾಸ್ಕಾದಲ್ಲಿ, ಅಲ್ಲಿಂದ ದೂರವಿರಲಿಲ್ಲ. ನೋಟಿಸ್ ಅಂಚೆಯಲ್ಲಿ ಬಂದು ಮುಟ್ಟುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಐದೂವರೆಗೆ ಹೋಗಿ ಬೆಲ್ ಒತ್ತಿದೆ. ಆಫೀಸಿನಿಂದ ಆಗಷ್ಟೇ ಬಂದವನು, ಇನ್ನೂ ಟೈ ಬಿಚ್ಚಿರಲಿಲ್ಲ. ಅವನ ಹಿಂದೆ ಹೊಸ ಹೆಂಡತಿ ಇದ್ದಳು. ಹಿಂದಿನ ವರ್ಷ ಧಾರವಾಡದಿಂದ ಮದುವೆಯಾಗಿ ಕರೆತಂದ ಹುಡುಗಿ. ನಾನು ಯಾರೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಒಳಗೆ ಬನ್ನಿ ಎಂದವಳು ಅವಳೇ.

ಕೂರಲಿಲ್ಲ. ಮೂರನೆಯ ಪುಟ ತೆರೆದು ಅವನ ಕೈಗೆ ಕೊಟ್ಟೆ. "ಇದನ್ನ ಓದಿ. ಆಮೇಲೆ ಟಿಕೆಟ್ ವಾಪಸ್ ಕೊಡಿ" ಎಂದೆ.

ಅವನು ಮೂರನೆಯ ಪುಟ ಬಿಟ್ಟು ಮೊದಲನೆಯದನ್ನು ನೋಡಿದ. ಮುಖದಲ್ಲಿ ಸಣ್ಣ ನಗು ಬಂತು. ನನಗೆ ಆ ನಗುವಿನ ಪರಿಚಯ ಆರು ವರ್ಷದ್ದು.

"ಇದು ನನ್ನ ಹೆಸರೇ ಅಲ್ವಲ್ಲ. ನನ್ನ ಲೈಸೆನ್ಸ್ ನೋಡು, ಸಂಬಳದ ಚೆಕ್ ನೋಡು. ಎಲ್ಲೂ ಹೀಗಿಲ್ಲ. ಈ ಹೆಸರಿನವನು ಅಮೆರಿಕಾದಲ್ಲೇ ಇಲ್ಲ. ಈ ಆರ್ಡರ್ ನನಗೆ ಹೇಗೆ ಅಪ್ಲೈ ಆಗತ್ತೆ?"

"ನಿಮಗೆ ಅಪ್ಲೈ ಆಗ್ದೇ ಇದ್ರೆ ನಮಗೆ ಡೈವೋರ್ಸೂ ಆಗಿಲ್ಲ. ಈ ಮನೇಲಿ ಈಗ ನಿಮ್ಮ ಹೆಂಡ್ತೀರು ಇಬ್ಬರು ನಿಂತಿದೀವಿ. ಯಾವುದು ಬೇಕೋ ಹೇಳಿ, ನಾಳೆ ಕೋರ್ಟಲ್ಲಿ ಅದನ್ನೇ ಬರೆಸೋಣ."

ನಗು ಹೋಯಿತು. ಆ ಹುಡುಗಿಯನ್ನು ನೋಯಿಸುವುದು ನನಗೆ ಬೇಕಿರಲಿಲ್ಲ, ಆದರೆ ಮಾತು ಬಂದಾಗಿತ್ತು. ಅವಳು ಮುಂದೆ ಬಂದು ಅವನ ಕೈಯಿಂದ ಕಾಗದ ತೆಗೆದುಕೊಂಡಳು. ನಿಧಾನವಾಗಿ, ಮೊದಲ ಪುಟದಿಂದ ಮೂರನೆಯ ಪುಟದವರೆಗೆ ಓದಿದಳು. ನಾವಿಬ್ಬರೂ ಪರೀಕ್ಷೆಯ ಮಕ್ಕಳ ಹಾಗೆ ನಿಂತಿದ್ದೆವು.

"ಅಲ್ರೀ," ಎಂದಳು ಅವನಿಗೆ, "ನಮ್ಮ ಲಗ್ನಪತ್ರಿಕಾದಾಗೂ ನಿಮ್ಮ ಹೆಸರು ಹಿಂಗ ಇತ್ತಲ್ಲ. ಊರು ಮೊದಲ, ಆಮ್ಯಾಲೆ ಮಾವನವರದು, ಆಮ್ಯಾಲೆ ನಿಮ್ದು. ನಮ್ಮ ಕಡೆ ಊರು ಕಡೀಕ ಬರ್ತದ. ಅದಕ್ಕ ನನಗ ನೆನಪದ."

ಅವಳು ಕಾಗದ ಮಡಚಿ ನನಗೇ ವಾಪಸ್ ಕೊಟ್ಟಳು. "ಇದು ಇವರದ ಹೆಸರು ಅದ. ಹುಡುಗಿ ಎಲ್ಲೂ ಹೋಗೂದಿಲ್ಲ" ಎಂದಳು. ಟಿಕೆಟ್ ಕ್ಯಾನ್ಸಲ್ ಮಾಡುತ್ತೇನೆ ಎಂದು ಅವನು ಗೋಡೆ ನೋಡಿಕೊಂಡು ಹೇಳಿದ. ಜುಲೈನಲ್ಲಿ ಎರಡು ವಾರ ನಾನೇ ಮಗಳನ್ನು ತಂದು ಬಿಡುತ್ತೇನೆ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಕಾಗದದಲ್ಲಿ ಇದ್ದದ್ದೂ ಅಷ್ಟೇ. ಅದಕ್ಕೆ ನಾನೂ ಬದ್ಧಳು. ಅಷ್ಟು ನಂಬಿಕೆ ಇಲ್ಲವಾ ಎಂದು ಕೇಳಿದ. ಇಲ್ಲ ಎಂದೆ.

ಆ ರಾತ್ರಿ ಒಂದು ಮೋಟೆಲಿನಲ್ಲಿ ಕಳೆದು ಮಾರನೆಯ ದಿನ ಮಧ್ಯಾಹ್ನ ಆನ್ ಆರ್ಬರ್ ಮುಟ್ಟಿದೆ. ವಕೀಲರಿಗೆ ಒಂದು ಪ್ರತಿ ಕೊಟ್ಟು, ಗೆಳತಿಯ ಮನೆಯಿಂದ ಮಗಳನ್ನು ಕರೆದುಕೊಂಡು ಬಂದೆ. ಅಡುಗೆಮನೆಯಲ್ಲಿ ಅನ್ನಕ್ಕೆ ಇಡುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತು ಕೇಳಿದಳು.

"ಡು ಐ ಸ್ಟಿಲ್ ಹ್ಯಾವ್ ಟು ಗೋ ಟು ಸ್ಕೂಲ್ ಇನ್ ಮೈಸೂರ್?"

ನಾನು ಅವಳಿಗೆ ಏನೂ ಹೇಳಿರಲಿಲ್ಲ. ಅಪ್ಪ ಫೋನಿನಲ್ಲಿ ತಿಂಗಳ ಹಿಂದೆಯೇ ಹೇಳಿದ್ದನಂತೆ, ಅಮ್ಮನಿಗೆ ಹೇಳಬೇಡ ಎಂದೂ ಹೇಳಿದ್ದನಂತೆ. ಎಂಟು ವರ್ಷದ ಮಗು ಒಂದು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಎದುರು ಕೂತು ಊಟ ಮಾಡಿತ್ತು. ಎರಡು ದಿನದಲ್ಲಿ ಬಾರದಿದ್ದ ಅಳು ಆಗ ಬಂತು. ಒಲೆ ಆರಿಸಿ, ಕಾಗದ ತಂದು, ಮೂರನೆಯ ಪುಟ ತೆರೆದು ಅವಳ ಮುಂದೆ ಇಟ್ಟೆ. ಇಂಗ್ಲಿಷು ನನಗಿಂತ ಅವಳಿಗೇ ಚೆನ್ನಾಗಿ ಬರುತ್ತಿತ್ತು. ಅಕ್ಷರದ ಕೆಳಗೆ ಬೆರಳಿಟ್ಟು ಜೋರಾಗಿ ಓದಿದಳು. ತನ್ನ ಹೆಸರು ಬಂದಾಗ ಒಂದು ಸಲ ನಿಂತಳು. 'ಬೋತ್ ಪೇರೆಂಟ್ಸ್' ಎಂಬಲ್ಲಿ ಬೆರಳು ಮತ್ತೆ ನಿಂತಿತು.

"ಬೋತ್ ಮೀನ್ಸ್ ಯೂ ಟೂ?"

"ಹೌದು ಕಣೇ" ಎಂದೆ. "ನಾನೂ. ನಾನು ಸಹಿ ಹಾಕಲ್ಲ."