ಟಂಟಂನಲ್ಲಿ ಪೂರ್ತಿಯಾದ ಹಾಡು

ಹೆಂಡತಿ ತೀರಿಕೊಂಡ ಮೇಲೆ ಅವಳ ಇಷ್ಟದ ಕ್ಯಾಸೆಟ್ಟನ್ನು, ನಾನು ಪಾಠ ಮಾಡುವ ಶಾಲೆಗೆ ಒಯ್ಯುವ ಚೀಲದಲ್ಲಿ ಹೊತ್ತು ತಿರುಗುತ್ತಿದ್ದೆ. ಹಾಕಿ ಕೇಳುವ ಧೈರ್ಯ ಮಾತ್ರ ಇರಲಿಲ್ಲ. ಅದು ಯಾವುದೋ ವಿದೇಶಿ ಬ್ಯಾಂಡಿನ ಪ್ರೊಗ್ರೆಸಿವ್ ರಾಕ್. ತನ್ನ ನಾಡಿನ ಜನಪದ ಧಾಟಿಯಲ್ಲಿ ಹೆಂಗಸೊಬ್ಬಳು ಹಾಡುತ್ತಾಳೆ. ನಡುನಡುವೆ ಗಿಟಾರು, ಡ್ರಮ್ಮುಗಳು ತಾಳ ಬದಲಿಸುತ್ತ ಬಹಳ ದೂರ ಹೋಗಿಬರುತ್ತವೆ.

ಒಂದು ಸಂಜೆ ತಳಕಲ್ಲಿನಿಂದ ಯಲಬುರ್ಗಾಕ್ಕೆ ಹೋಗುವ ಟಂಟಂ ಆಟೋದಲ್ಲಿ, ಮದುವೆಗೆ ಹೊರಟ ಹೆಂಗಸರ ನಡುವೆ ಕೂತಿದ್ದೆ. ಚೀಲದಿಂದ ಇಣುಕುತ್ತಿದ್ದ ಕ್ಯಾಸೆಟ್ಟು ಡ್ರೈವರನ ಕಣ್ಣಿಗೆ ಬಿತ್ತು.

"ಕೊಡ್ರಿ ಸರ, ನಮ್ಮವು ಕೇಳಿ ಕೇಳಿ ಬ್ಯಾಸರಾಗೈತಿ" ಎಂದವನು, ನಾನು ಬೇಡ ಎನ್ನುವಷ್ಟರಲ್ಲಿ ಹಾಕಿಯೇ ಬಿಟ್ಟ.

ಆ ದನಿ ಬಂತು. ನಾನು ಹೊರಗಿನ ಜೋಳದ ಹೊಲ ನೋಡತೊಡಗಿದೆ.

"ಈಕಿ ಯಾರ್ರಿ ಸರ?" ಪಕ್ಕದ ಮುದುಕಿ ಕೇಳಿದಳು.

"ಗೊತ್ತಿಲ್ಲ ಯವ್ವಾ. ನಮ್ಮ ಮನಿಯಾಕಿಗೆ ಭಾಳ ಸೇರತಿತ್ತು."

ಅಷ್ಟರಲ್ಲಿ ಗಿಟಾರು ಶುರುವಾಯಿತು. ಮುಗಿಯುವ ಲಕ್ಷಣ ಕಾಣಲಿಲ್ಲ. ಮುದುಕಿ ಸಿಟ್ಟಾದಳು.

"ಪಾಪ, ಒಬ್ಬಾಕಿನ ಹಾಡಾಕತ್ತಾಳ. ಎತ್ತಿಕೊಳ್ಳಾಕ ಯಾರೂ ಇಲ್ಲೇನ? ಗಂಡಸರು ಬರೇ ಬಡಿಯಾಕತ್ತಾರ!"

ಸೋಬಾನೆಯಲ್ಲಿ ಒಬ್ಬಳು ಹೇಳಿದ ಸಾಲನ್ನು ಉಳಿದವರು ಎತ್ತಿಕೊಳ್ಳಬೇಕು. ಹಾಡುವವಳನ್ನು ಒಂಟಿ ಬಿಡುವ ಪದ್ಧತಿಯೇ ಇಲ್ಲ. ಹೆಂಗಸರೆಲ್ಲ ಅದೇ ಧಾಟಿಯಲ್ಲಿ "ಸೋ" ಎಂದು ಎತ್ತಿಕೊಂಡರು.

"ಬಂದ್ ಮಾಡ್ಲೇನ್ರಿ ಸರ?" ಡ್ರೈವರ್ ಗಾಬರಿಯಾದ.

"ಮಾಡಿ ನೋಡು!" ಎಂದು ಗದರಿದ ಮುದುಕಿ ನನ್ನ ಕಡೆ ತಿರುಗಿದಳು. "ನೀವೂ ಅನ್ರಿ ಸರ. ನಿಮ್ಮ ಮನಿಯಾಕಿಗೆ ಸೇರಿದ ಹಾಡು, ಸುಮ್ನ ಕುಂತ್ರ ಹೆಂಗ?"

ಮೆಲ್ಲಗೆ "ಸೋ" ಎಂದೆ. ಯಲಬುರ್ಗಾ ಬರುವಷ್ಟರಲ್ಲಿ ಮೆಲ್ಲಗೆ ಎನ್ನುವುದು ಉಳಿದಿರಲಿಲ್ಲ.

ಈಗ ಮನೆಯಲ್ಲಿ ದಿನಾ ಕೇಳುತ್ತೇನೆ. ಗಿಟಾರಿನ ಆ ಜಾಗ ಬಂದಾಗ ಮಾತ್ರ, ಅಷ್ಟು ದೊಡ್ಡ ಬ್ಯಾಂಡಿನವರು ಸೋಬಾನೆಯವರನ್ನು ಕರೆಯಲು ಮರೆತದ್ದು ಎದ್ದು ಕಾಣುತ್ತದೆ.