ಕುಮಟೆಯ ದಂಡೆಯಲ್ಲಿ ಖಾಲಿ ಕೊಡ

ಕಾಕಾ ಲಿಲಾವಿನಲ್ಲಿ ಕೊಂಡ ಹಳೇ ಮಿಲಿಟರಿ ವ್ಯಾನಿನೊಳಗೆ ಗಾದಿ, ಸ್ಟೋವು, ರೊಟ್ಟಿಗಂಟು ಇಟ್ಟುಕೊಂಡು ಬೆಳಿಗ್ಗೆ ಅಂಕೋಲೆಯಿಂದ ನಿಧಾನವಾಗಿ ಹೊರಟೆವು. ಮಧ್ಯಾಹ್ನ ಕುಮಟೆಯ ದಂಡೆಯಲ್ಲಿ ಅಡಿಗೆಗೆಂದು ಇಳಿದೆವು. ನೀರಿಗೆ ಬರವಿರುವ ರಾಜೂರಿನಿಂದ ಬಂದ ನಮ್ಮ ಸೋದರತ್ತೆ ಸಮುದ್ರವನ್ನು ನಿಂತು ನೋಡಲೇ ಇಲ್ಲ. ಅಕ್ಕಿ ತೊಳೆದ ನೀರನ್ನೂ ಎಮ್ಮೆಗೆ ಎತ್ತಿಡುವವಳು ಆಕೆ. ವ್ಯಾನಿನಲ್ಲಿದ್ದ ಖಾಲಿ ಕೊಡ ಎತ್ತಿಕೊಂಡು ಹೋಗಿ ಅಲೆಯಲ್ಲಿ ತುಂಬಿಕೊಂಡು ಬಂದಳು.

“ಅಕ್ಕಾ, ಅದು ಉಪ್ಪುನೀರೈತಿ,” ಎಂದ ಕಾಕಾ.

“ಗೊತ್ತೈತಿ. ನೀರ ಕಂಡ ಮ್ಯಾಲ ಬರೇ ಕೊಡಾ ಹ್ಯಾಂಗ ಇಡೂದೋ ತಮ್ಮಾ?”

ಅಲ್ಲೇ ತೆಂಗಿನ ಗರಿ ಹೆಣೆಯುತ್ತಿದ್ದ ಹೆಂಗಸು ಇದನ್ನು ಕೇಳಿ ಎದ್ದು ಬಂದಳು. “ನಮ್ಮ ಬಾವಿಗೆ ಬನ್ನಿ. ಸಿಹಿನೀರು ಬೇಕಷ್ಟುಂಟು.”

ಅವಳ ಬಾವಿಯಲ್ಲಿ ನೀರು ಕೈಗೆಟಕುವಷ್ಟು ಮೇಲಿತ್ತು. ಉಪ್ಪುನೀರು ಸುರಿದು, ಕೊಡ ತೊಳೆಯಲೆಂದು ಆ ಹೆಂಗಸು ಬಾವಿಯ ನೀರನ್ನು ಅದರ ಕಂಠದವರೆಗೆ ತುಂಬಿ, ಕುಲುಕಿ, ಮರಳಿಗೆ ಚೆಲ್ಲಿಬಿಟ್ಟಳು. ಅತ್ತೆಯ ಕೈ ಮುಂದೆ ಬಂದು ಅಲ್ಲೇ ನಿಂತಿತು.

ಕೊಡ ಮತ್ತೆ ತುಂಬಿತು. ಕಾಕಾ ಅದನ್ನು ಹೊತ್ತು ವ್ಯಾನಿನತ್ತ ನಡೆದ. ಸಮುದ್ರವನ್ನು ನಿಂತು ನೋಡದ ಅತ್ತೆ, ಚೆಲ್ಲಿದ ಆ ನೀರು ಮರಳಿನಲ್ಲಿ ಇಂಗಿ ಮುಗಿಯುವವರೆಗೂ ನೋಡುತ್ತ ನಿಂತಿದ್ದಳು.