ಶೆಡ್ಡಿನ ವ್ಯಾನು ಸ್ಟಾರ್ಟ್ ಆಯಿತು

ಫ್ರೆಂಡ್ಸ್, ವರ್ಷಗಟ್ಟಲೆ ನಮ್ಮ ವೈಜಾಗ್ ಮನೆಯ ಶೆಡ್ಡಿನಲ್ಲಿ ನಿಂತಿದ್ದ ವ್ಯಾನು ಇವತ್ತು ಸ್ಟಾರ್ಟ್ ಆಯಿತು. ಒಳಗೆ ಮಂಚ, ಸ್ಟೌ, ಕಿಟಕಿಗೆ ಪರದೆ ಎಲ್ಲ ಇದೆ. ನನ್ನನ್ನು ಹಾಸ್ಟೆಲ್ಲಿಗೆ ಹಾಕಿದ ವರ್ಷ ನೇವಿಯಲ್ಲಿರುವ ಅಪ್ಪ ಅದನ್ನು ಕಟ್ಟಿಸಿ, "ರಜಾಕ್ಕ ಬಾ, ಇದರಾಗ ಧಾರವಾಡಕ್ಕ ಹೋಗೂಣು" ಅಂದಿದ್ದರು. ಒಮ್ಮೆಯೂ ಹೋಗಲಿಲ್ಲ.

ನಿನ್ನೆ ವಿಜಯವಾಡದ ಕಾಲೇಜಿನಿಂದ ಬಂದೆ. ಬೆಳಿಗ್ಗೆ ಅಪ್ಪನೇ ಕರೆದರು. "ಬಾರೋ ಮೆಕ್ಯಾನಿಕಲ್, ಎಂಜಿನ್ ನೋಡೂಣು."

ಹಳೇ ಡೀಸೆಲ್ ತೆಗೆದು, ಫಿಲ್ಟರ್ ಬದಲಿಸಿ, ಹೊಸ ಬ್ಯಾಟರಿ ಕೂರಿಸಿದೆವು. ಬಿಚ್ಚದೇ ಇದ್ದ ನನ್ನ ಬ್ಯಾಗನ್ನು ತಂದು ವ್ಯಾನಿನ ಮಂಚದ ಮೇಲಿಟ್ಟೆ. ಹೊರಡುವ ಗಾಡಿ ಅಂತ ಚಕ್ರದಡಿ ನಿಂಬೆಹಣ್ಣನ್ನೂ ನಾನೇ ಇಟ್ಟೆ. ಕೀ ತಿರುಗಿಸಿದೆ. ಕಪ್ಪು ಹೊಗೆ ಕಾರಿ ಎಂಜಿನ್ ಓಡಿತು.

ಗೇಟಿನ ಹತ್ತಿರ ನಿಂತಿದ್ದ ಮೀನುಬೋಟಿನ ಯಜಮಾನ ಕಿವಿಗೊಟ್ಟು ಕೇಳಿ, "ಬಾಗುಂದಿ ಸಾರ್" ಅಂತ ತೆಲುಗಿನಲ್ಲಿ ಮೆಚ್ಚಿದ. ಅಪ್ಪ ಎಂಜಿನ್ ಅವನಿಗೆ ಮಾರಿದ್ದಾರಂತೆ; ನಾಳೆ ಬಿಚ್ಚಿ ತನ್ನ ಬೋಟಿಗೆ ಹಾಕಿಕೊಳ್ಳುತ್ತಾನಂತೆ.

"ಅಪ್ಪಾ, ಧಾರವಾಡ?"

"ಟ್ರೇನ್ ಐತಲ್ಲೋ. ನಿನಗೀಗ ಒಬ್ಬನ ಹೋಗೋದು ರೂಢಿ ಆಗೇತಿ."

ಅಮ್ಮ ಚಕ್ರದಡಿಯ ನಿಂಬೆಹಣ್ಣು ಎತ್ತಿ, ತೊಳೆದು, ಬೋಟಿನವನಿಗೆ ಶರಬತ್ತು ಮಾಡಿಕೊಟ್ಟರು. ನನಗೂ ಒಂದು ಗ್ಲಾಸ್ ಬಂತು. ಕುಡಿದೆ. ಸಕ್ಕರೆಯೇನೂ ಕಡಿಮೆ ಇರಲಿಲ್ಲ.